ಒಂದೂ ಗಂಟಿಲ್ಲದ ಎಳೆ

ಮೊನ್ನೆ ಭಾನುವಾರ ಚಿಕ್ಕಬಳ್ಳಾಪುರದ ನನ್ನ ಬಾಡಿಗೆ ಕೋಣೆ ಗುಡಿಸುತ್ತಿದ್ದವಳು ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಹಿಂದಿನ ಮೂಲೆಗೂ ಪೊರಕೆ ಆಡಿಸಿದೆ. ಆಡಿಸಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಆ ಮೂಲೆಯನ್ನು ನೋಡುವವರು ಯಾರು? ನನ್ನ ಕೋಣೆಗೆ ಬರುವವರೇ ಅಪರೂಪ. ಬಂದವರೂ ಮಂಚದ ಮೇಲೆ ಕೂರುತ್ತಾರೆಯೇ ಹೊರತು ಅದರ ಕೆಳಗೆ ತೂರುವುದಿಲ್ಲ. ದೇವರು ನೋಡುತ್ತಾನೆ ಎನ್ನೋಣವೆಂದರೆ ಆತನಿಗೂ ನನಗೂ ಮಾತುಕತೆ ನಿಂತು ಬಹಳ ಕಾಲವಾಯಿತು. ಆದರೂ ನೋಡಿ, ಸೊಂಟ ತಾನಾಗಿ ಬಗ್ಗುತ್ತದೆ. ತಲೆಯಿಂದ ಇಳಿದು ಹೋದ ಧರ್ಮ ಸೊಂಟದಲ್ಲಿ ಹೀಗೆ ಬಾಡಿಗೆ ಕೊಡದೆ ಉಳಿದುಕೊಂಡರೆ ಅದನ್ನು ಖಾಲಿ ಮಾಡಿಸುವುದು ಹೇಗೆ? ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಕಿರಿಯ ವಕೀಲೆಯಾಗಿರುವ ನನಗೂ ಇದಕ್ಕೆ ಕಾನೂನು ಗೊತ್ತಿಲ್ಲ.

ಇದಕ್ಕೆಲ್ಲ ಕಾರಣ ನನ್ನ ದೊಡ್ಡಮ್ಮ ರೂತಮ್ಮ, ಅಂದರೆ ನನ್ನ ತಾಯಿಯ ಅಕ್ಕ. ನನ್ನ ಹಾಲುಹಲ್ಲು ಬೀಳುವ ಮೊದಲೇ ಅಮ್ಮ ತೀರಿಕೊಂಡಿದ್ದರಿಂದ ಶಿಡ್ಲಘಟ್ಟದಲ್ಲಿ ನನ್ನನ್ನು ಸಾಕಿದವಳು ಈಕೆ. ಗಂಡ ಎಂದೋ ಹೋಗಿದ್ದ, ಮಕ್ಕಳಿರಲಿಲ್ಲ. ಇದ್ದದ್ದು ಒಂದು ಪುಟ್ಟ ಮನೆ, ರೇಷ್ಮೆ ನೂಲು ತೆಗೆಯುವ ಕೆಲಸ, ಪ್ರತಿ ಭಾನುವಾರ ಚರ್ಚಿನ ಸಭೆ, ಮತ್ತು ನಾನು. ಎಲ್ಲವನ್ನೂ ಆಕೆ ಒಂದೇ ಹದದಲ್ಲಿ ತಿಕ್ಕಿ ತೊಳೆಯುತ್ತಿದ್ದಳು.

"ಮಂಚದ ಕೆಳಗೆ ಗುಡಿಸಿದ್ಯೇನೇ?"

"ಅಲ್ಲಿ ಯಾರ್ ನೋಡ್ತಾರೆ ದೊಡ್ಡಮ್ಮ?"

"ಕರ್ತ ನೋಡ್ತಾನೆ."

"ಕರ್ತನಿಗೆ ನಮ್ ಮಂಚದ ಕೆಳಗೆ ಏನ್ ಕೆಲಸ?"

ಪೊರಕೆಯ ಹಿಡಿ ಬೆನ್ನ ಮೇಲೆ ಬಿತ್ತು. ಉತ್ತರ ಸಿಗದವರು ಏಟು ಕೊಡುತ್ತಾರೆ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಅಂದೇ.

ಮುದ್ದೆಯ ವಿಷಯದಲ್ಲೂ ಇದೇ ಕಥೆ. ಒಳಗೆ ಒಂದು ಹಿಟ್ಟಿನ ಗಂಟು ಸಿಕ್ಕರೂ ಆಕೆಗೆ ಅವಮಾನ. ನನ್ನ ತಟ್ಟೆಯಿಂದ ಅದನ್ನು ತಾನೇ ತೆಗೆದು ಬಾಯಿಗೆ ಹಾಕಿಕೊಂಡು, "ಕರ್ತನಿಗೆ ಬಡಿಸೋ ಹಂಗಿರ್ಬೇಕು ಕಣೇ, ಇದೇನ್ ಮುದ್ದೆ" ಎಂದು ತನ್ನನ್ನೇ ಬೈದುಕೊಳ್ಳುವಳು. "ಕರ್ತ ದೂರದ ದೇಶದವನು, ಅವನಿಗೆ ಮುದ್ದೆ ನುಂಗಕ್ಕೆ ಬರುತ್ತಾ?" ಎಂದು ನಾನು. "ಬಂದಾಗ ಕಲಿಸ್ತೀನಿ. ನೀನು ಬಾಯ್ ಮುಚ್ಕೊಂಡು ತಿನ್ನು." ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಕೇಳುವಷ್ಟು ಧೈರ್ಯ ಮಾತ್ರ ಇರಲಿಲ್ಲ.

ಇಂಥ ಮನೆಯಲ್ಲಿ ಬೆಳೆದವರು ಒಂದೋ ಸಂತರಾಗುತ್ತಾರೆ, ಇಲ್ಲವೇ ಚರ್ಚಾಪಟುಗಳು. ನಾನು ಎರಡನೆಯದಾದೆ. ಗೌರಿಬಿದನೂರು, ಚಿಂತಾಮಣಿ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಬಸ್ಸು ಹತ್ತಿದೆ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ವೇದಿಕೆಯ ಮೆಟ್ಟಿಲು ಹತ್ತುವಾಗ ಚೀಟಿ ಬದಲಾದರೂ ನನಗೆ ತೊಂದರೆಯಿರಲಿಲ್ಲ. ಬಹುಮಾನವೆಂದು ಕೊಡುತ್ತಿದ್ದದ್ದು ಸ್ಟೀಲು ತಟ್ಟೆಗಳನ್ನು. ಹಿಂಬದಿಯಲ್ಲಿ ಊರು, ವಿಷಯ, ನನ್ನ ಹೆಸರು ಕೊರೆಸಿರುತ್ತಿದ್ದರು. ದೊಡ್ಡಮ್ಮ ತಟ್ಟೆಯ ಹಿಂಬದಿಯನ್ನೂ ಮುಂಬದಿಯಷ್ಟೇ ನಿಷ್ಠೆಯಿಂದ ತಿಕ್ಕುವವಳಾದ್ದರಿಂದ ಅಕ್ಷರಗಳೆಲ್ಲ ಸವೆದು, ಯಾವ ತಟ್ಟೆಯಲ್ಲಿ ಯಾರನ್ನು ಸೋಲಿಸಿದ್ದೆನೋ ಈಗ ಗೊತ್ತಾಗುವುದಿಲ್ಲ.

ಆಕೆಯ ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ರೇಷ್ಮೆ ಸೀರೆ ಉಟ್ಟವರೆಲ್ಲ ರೇಷ್ಮೆ ಗೂಡು ಬೇಯುವ ವಾಸನೆ ಕುಡಿದವರಲ್ಲ. ಕುದಿನೀರಿನಲ್ಲಿ ಗೂಡು ಹಾಕುತ್ತಾರೆ, ಒಳಗಿನ ಹುಳು ಅಲ್ಲೇ ಸಾಯುತ್ತದೆ. ಗೂಡು ಮೆತ್ತಗಾದ ಮೇಲೆ ಅದರ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದಾಗಿ ಸೇರಿಸಿ ರಾಟೆಗೆ ಏರಿಸಬೇಕು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದನ್ನು ಸೇರಿಸಬೇಕು, ಇಲ್ಲದಿದ್ದರೆ ನೂಲು ತೆಳ್ಳಗಾಗುತ್ತದೆ. ಎಳೆ ತುಂಡಾದರೆ ಮತ್ತೆ ಹಿಡಿದು ಕಟ್ಟಬೇಕು. ದಿನವಿಡೀ ಬಿಸಿನೀರಿನಲ್ಲಿ ಬೆರಳು, ಮುಖಕ್ಕೆ ಆವಿ. ಕೊನೆಗೆ ಸುತ್ತಿದ ನೂಲು ಲಡಿಯಾಗಿ ಹೊರಬರುತ್ತದೆ. ಕೊಳ್ಳುವವರು ಲಡಿಯ ಮೇಲ್ಪದರವನ್ನು ಸವರಿ ನೋಡುತ್ತಾರೆ. ಒಳಗೆ ಏನಿದೆಯೋ ನೇಯುವವನಿಗೇ ಗೊತ್ತಾಗಬೇಕು, ಆ ಹೊತ್ತಿಗೆ ಅದು ಯಾರ ಕೈಯ ಕೆಲಸವೆಂದು ಹೇಳುವವರಿಲ್ಲ. ಹಾಗಾಗಿ ಒಳಪದರಕ್ಕೆ ಒಂದು ಕೈ, ಮೇಲ್ಪದರಕ್ಕೆ ಇನ್ನೊಂದು ಕೈ ಎನ್ನುವುದು ಅನೇಕರ ರೂಢಿ. ದೊಡ್ಡಮ್ಮನಿಗೆ ಇದ್ದದ್ದು ಒಂದೇ ಕೈ.

ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಇದು ಸಿಕ್ಕ ಭಾಗ್ಯ. ಕೆಲಸದ ಬಗ್ಗೆ ಪ್ರಸಂಗ ಮಾಡುವ ಭಾನುವಾರವೆಲ್ಲ ದೊಡ್ಡಮ್ಮನ ಲಡಿ ಬಂದೇ ಬರುತ್ತಿತ್ತು. "ರೂತಮ್ಮನ ಎಳೆ ನೋಡಿ, ಒಳಗೂ ಒಂದೇ, ಹೊರಗೂ ಒಂದೇ. ವಿಶ್ವಾಸಿಯ ಬಾಳು ಹಾಗಿರಬೇಕು." ದೊಡ್ಡಮ್ಮ ತಲೆ ತಗ್ಗಿಸಿ ಸೆರಗು ಹೊದ್ದುಕೊಳ್ಳುವಳು. ಕಾಲೇಜಿನಲ್ಲಿದ್ದ ನಾನು ಒಂದು ಸಲ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅವರನ್ನು ಹಿಡಿದೆ.

"ಅಯ್ಯಾ, ಕೆಲಸ ದೇವರಿಗೆ ಮಾಡೋದಾದ್ರೆ ರೇಷ್ಮೆ ಯಾಕೆ ಮಾಲೀಕ ಸಾಬ್ರ ಮನೆಗೆ ಹೋಗತ್ತೆ?"

ಅಯ್ಯನವರು ನಕ್ಕರು. "ನಿನ್ನ ಬಾಯಿ ಸುವಾರ್ತೆಗೆ ಸಿಕ್ಕಿದ್ರೆ ತಾಲ್ಲೂಕೇ ರಕ್ಷಣೆ ಹೊಂದ್ತಿತ್ತಲ್ಲಮ್ಮ."

"ಮಹಿಮೆ ದೇವರಿಗೆ, ಲಾಭ ಸಾಬ್ರಿಗೆ, ಕೆಮ್ಮು ದೊಡ್ಡಮ್ಮನಿಗೆ. ಪಾಲು ಸರಿ ಇದೆಯಾ ಹೇಳಿ."

ಅವರು ನಗುವುದನ್ನು ನಿಲ್ಲಿಸಿದರು. ದೊಡ್ಡಮ್ಮ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಬೈಯುತ್ತ ಬಂದಳು, ನಡುನಡುವೆ ನಿಂತು ಕೆಮ್ಮಿದಳು. ಕೆಮ್ಮು ಆಗಲೇ ಶುರುವಾಗಿತ್ತು. ಮನೆಯ ಗೋಡೆಯ ಮೇಲಿನ ಗಡಿಯಾರದ ಟಿಕ್ ಟಿಕ್ಕಿನ ಹಾಗೆ ಅದಕ್ಕೆ ನಾವು ಕಿವಿ ಕೊಡುವುದನ್ನು ಬಿಟ್ಟಿದ್ದೆವು.

ನಾನು ವಕೀಲಿಕೆಗೆ ಸೇರಿ ಚಿಕ್ಕಬಳ್ಳಾಪುರದಲ್ಲಿ ಕೋಣೆ ಮಾಡಿದ ಮೇಲೆ, ಊರಿಗೆ ಹೋದಾಗಲೆಲ್ಲ ಆ ಕೆಮ್ಮು ಹೊಸದಾಗಿ ಕೇಳಿಸತೊಡಗಿತು. ನೀರಿನ ಬಿಂದಿಗೆ ಎತ್ತಿದರೆ ಏದುಸಿರು. ಸಭೆಯಲ್ಲಿ ಹಾಡುವಾಗ ಸಾಲು ಮುಗಿಯುವ ಮೊದಲೇ ಧ್ವನಿ ಮುಗಿಯುತ್ತಿತ್ತು. ಜಗಳವಾಡಿ ಚಿಕ್ಕಬಳ್ಳಾಪುರಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಆವಿ, ಹುಳದ ಧೂಳು, ಎರಡೂ ಎದೆಗೆ ಇಳಿದಿದೆ. ಆ ಕೆಲಸ ಬಿಡಿ. ಬಿಡಲ್ಲ ಅಂದ್ರೆ ಕಿಟಕಿ ಪಕ್ಕದಲ್ಲಾದ್ರೂ ಕೂತ್ಕೊಳ್ಳಿ."

"ನಾನು ಕಿಟಕಿ ಪಕ್ಕದಲ್ಲೇ ಕೂರೋದು ಡಾಕ್ಟ್ರೇ" ಎಂದಳು ದೊಡ್ಡಮ್ಮ. ಆಕೆ ಸುಳ್ಳು ಹೇಳುವವಳಲ್ಲ. ಅಂದೂ ಹೇಳಲಿಲ್ಲ.

ಕಿಟಕಿ ಪಕ್ಕದಲ್ಲಿ ಕೂತೂ ಎದೆ ಹೀಗಾಗಿದೆಯೆಂದರೆ ಆ ಕಿಟಕಿ ಕಿಟಕಿಯೇ ಅಲ್ಲ, ಗೋಡೆಯಲ್ಲೊಂದು ಕಿಂಡಿ ಬಿಟ್ಟು ಮಾಲೀಕ ಕಾನೂನಿನ ಕಣ್ಣಿಗೆ ಮಣ್ಣೆರಚಿದ್ದಾನೆ ಎಂದು ನಾನು ಲೆಕ್ಕ ಹಾಕಿದೆ. ಕೆಲಸದ ಜಾಗದಲ್ಲಿ ಗಾಳಿ ಬೆಳಕು ಹೇಗಿರಬೇಕೆಂದು ಓದಿಕೊಂಡೆ. ಬಸ್ಸಿನಲ್ಲಿ ಕೂತು ಮಾಲೀಕರಾದ ಬಾಷಾ ಸಾಬರ ಜೊತೆ ಮನಸ್ಸಿನಲ್ಲೇ ವಾದ ಮಾಡಿ, ಅವರ ಉತ್ತರಗಳನ್ನೂ ನಾನೇ ಹೇಳಿ, ಶಿಡ್ಲಘಟ್ಟ ಬರುವ ಹೊತ್ತಿಗೆ ಗೆದ್ದೂ ಆಗಿತ್ತು.

ನೂಲು ತೆಗೆಯುವ ಶೆಡ್ಡಿನ ಬಾಗಿಲಲ್ಲೇ ಸಾಬರು ಸಿಕ್ಕರು. ಬಿಳಿ ಗಡ್ಡ, ಕೈಯಲ್ಲಿ ಚಹಾ.

"ಬಾಮ್ಮಾ ವಕೀಲಮ್ಮಾ, ರೂತಮ್ಮನ ಮಗಳಲ್ವಾ ನೀನು. ಚಾಯ್ ಕುಡಿ."

"ಚಹಾ ಆಮೇಲೆ. ಒಳಗೆ ಉಸಿರಾಡಕ್ಕೆ ಗಾಳಿ ಇಲ್ವಂತೆ. ಸರಿಯಾದ ಕಿಟಕಿ ಯಾಕೆ ಇಟ್ಟಿಲ್ಲ?"

ಅವರು ನನ್ನನ್ನೇ ನೋಡಿದರು. "ಕಿಟಕಿ ಇಟ್ಟಿಲ್ಲ ಅಂತ ಯಾರಮ್ಮಾ ಹೇಳಿದ್ದು? ಒಳಗೆ ಹೋಗಿ ನೋಡು. ಇಟ್ಟಿದೀನಿ. ಫ್ಯಾನೂ ಹಾಕ್ಸಿದೀನಿ. ಕಿಟಕಿ ತೆಗಿಯಾಕೆ, ಫ್ಯಾನ್ ಹಾಕಾಕೆ ನಿಮ್ ದೊಡ್ಡಮ್ಮ ಬಿಡಲ್ಲ. ನನ್ನ ಮಾತು ಕೇಳ್ತಾಳಾ ಆಯಮ್ಮ? ನೀನಾದ್ರೂ ಹೇಳು."

ಒಳಗೆ ಹೋದೆ. ಆವಿಯಲ್ಲಿ ಮೊದಲು ಏನೂ ಕಾಣಿಸಲಿಲ್ಲ. ಆಮೇಲೆ ಸಾಲಾಗಿ ಕೂತ ಹೆಂಗಸರು, ಕೊನೆಯಲ್ಲಿ ದೊಡ್ಡಮ್ಮ, ಅವಳ ಪಕ್ಕಕ್ಕೇ ಅಗಲವಾದ ಕಿಟಕಿ. ಎರಡು ಕದಗಳೂ ಮುಚ್ಚಿದ್ದವು. ಸಂದಿಗೆ ಹಳೆಯ ಸೀರೆಯ ತುಂಡನ್ನು ಮಡಿಸಿ, ಎಲ್ಲೂ ಸುಕ್ಕಿಲ್ಲದಂತೆ ತುರುಕಿದ್ದರು. ಆ ಮಡಿಕೆಯನ್ನು ನೋಡಿದರೆ ಸಾಕು, ಯಾರ ಕೆಲಸವೆಂಬುದಕ್ಕೆ ನನಗೆ ಸಾಕ್ಷಿ ಬೇಕಿರಲಿಲ್ಲ.

"ಇದೇನ್ ದೊಡ್ಡಮ್ಮ ಇದು?"

"ಗಾಳಿ ಬೀಸಿದ್ರೆ ಎಳೆ ನಡುಗತ್ತೆ ಕಣೇ" ಎಂದಳು, ಕಣ್ಣು ನೀರಿನಿಂದ ಎತ್ತದೆ. "ನಡುಗಿದ್ರೆ ಒಂದಕ್ಕೊಂದು ಅಂಟಲ್ಲ. ಗಂಟಾಗತ್ತೆ, ಗುಂಜಾಗತ್ತೆ."

"ಆಗ್ಲಿ ಬಿಡು. ಒಳಪದರದಲ್ಲಿ ಯಾರ್ ನೋಡ್ತಾರೆ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಉತ್ತರ ನನಗೆ ಗೊತ್ತೇ ಇತ್ತಲ್ಲ. ಆಕೆ ಮುಂದಿನ ಗೂಡಿನ ತುದಿ ಹುಡುಕಿದಳು.

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದವಳು ಕೆಮ್ಮಿದಳು. ಮುನಿರತ್ನಮ್ಮ, ಸಾದಲಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ದೊಡ್ಡಮ್ಮ ಕೈ ಹಿಡಿದು ಕೆಲಸ ಕಲಿಸಿದ್ದು ಅವಳಿಗೊಬ್ಬಳಿಗೇ. ಒಣ ಕೆಮ್ಮು, ಆಳದಿಂದ ಬರುತ್ತಿತ್ತು. ಅದರ ತಾಳ ನನಗೆ ಪರಿಚಯವಿತ್ತು. ನಮ್ಮ ಮನೆಯ ಗೋಡೆ ಗಡಿಯಾರದ್ದೇ.

ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ಕಟ್ಟೆಯ ಮೇಲೆ ಮೂವರೂ ಕೂತೆವು. ನಾನು ಬನ್ನು ತಂದಿದ್ದೆ. ದೊಡ್ಡಮ್ಮ ಅದನ್ನು ಸಮನಾಗಿ ಮುರಿದು ಹಂಚುತ್ತಿದ್ದಾಗ ಶುರು ಮಾಡಿದೆ.

"ಕಿಟಕಿ ಯಾರಿಗೋಸ್ಕರ ಮುಚ್ತೀಯ?"

"ಎಳೆಗೋಸ್ಕರ."

"ಎಳೆ ಯಾರಿಗೋಸ್ಕರ?"

"ಗೊತ್ತಿದ್ದೂ ಕೇಳ್ತೀಯಲ್ಲ. ಕರ್ತನಿಗೋಸ್ಕರ."

"ಸರಿ. ನಿನ್ನ ಉಸಿರು ನಿಂದು, ಅವನಿಗೆ ಕೊಟ್ಕೋ. ಮುನಿರತ್ನಮ್ಮನ ಉಸಿರು ಯಾರದು? ಅವಳೇನು ನಿಮ್ ಸಭೆಯವಳಾ? ಅವಳದ್ದನ್ನ ನೀನು ಕಾಣಿಕೆ ಪೆಟ್ಟಿಗೆಗೆ ಹಾಕ್ಬಹುದಾ?"

ಮುನಿರತ್ನಮ್ಮ ಗಾಬರಿಯಾದಳು. "ಅಯ್ಯೋ ಪಾಪಾ, ನನ್ನ ಮಧ್ಯೆ ಎಳೀಬೇಡ. ನಾಕೇಮೀ ಕಾಲೇದು, ನಂಗೇನೂ ಆಗಿಲ್ಲ. ಅಕ್ಕ ಹೇಳಿದ್ದು ಸರಿನೇ, ಗಾಳಿ ಬಿಟ್ರೆ ನೂಲು ಕೆಡತ್ತೆ." ಹೇಳಿ ಮುಗಿಸುವ ಮೊದಲೇ ಕೆಮ್ಮು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು. ಬೆನ್ನು ಅಲುಗುತ್ತಿತ್ತು.

ದೊಡ್ಡಮ್ಮ ಆ ಬೆನ್ನನ್ನೇ ನೋಡುತ್ತ ಕೂತಳು. ವರ್ಷಗಟ್ಟಲೆ ಪಕ್ಕದಲ್ಲಿ ಕೂತವಳ ಕೆಮ್ಮನ್ನು ಆಕೆ ಕೇಳಿಸಿಕೊಂಡಿರಲಿಲ್ಲವೆಂದಲ್ಲ. ಎಳೆಯಿಂದ ಕಣ್ಣು ತೆಗೆಯಬಾರದೆಂದು ಕಲಿತವಳು ಆಕೆ, ಕಿವಿಗೂ ಅದನ್ನೇ ಕಲಿಸಿದ್ದಳು.

"ಹಂಗಾದ್ರೆ" ಎಂದಳು ಕೊನೆಗೆ, "ಇಷ್ಟು ವರ್ಷ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡ್ದೆನೇನೇ ನಾನು?"

ಎದುರಾಳಿ ತಾನಾಗಿ ಕೈಗೆ ಬಂದರೆ ಬಿಡಬಾರದೆಂದು ಚರ್ಚಾಸ್ಪರ್ಧೆಯಲ್ಲಿ ಕಲಿಸುತ್ತಾರೆ. ನಾನು ಬಿಡಲಿಲ್ಲ. "ಕಿಟಕಿ ಮಟ್ಟಿಗೆ, ಹೌದು" ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಮಾತು ಸರಿಯಾಗಿತ್ತು. ಆದರೆ ನನ್ನ ಪಾಲಿನ ಬನ್ನನ್ನು ಮತ್ತೆ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಗೆದ್ದವರಿಗೆ ತಟ್ಟೆ ಕೊಡುವುದು ಇದಕ್ಕೇ ಇರಬೇಕು, ಕೈಗೆ ಏನಾದರೂ ಹಿಡಿದುಕೊಳ್ಳಲು ಸಿಗಲಿ ಎಂದು.

ಬಿಡುವು ಮುಗಿದ ಮೇಲೆ ಆಕೆ ಸಂದಿಯ ಬಟ್ಟೆ ಎಳೆದು ಕಿಟಕಿ ತೆಗೆದಳು. ಅಲ್ಲಿಂದ ಮುಂದಿನ ದಿನಗಳ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದವಳು ಮುನಿರತ್ನಮ್ಮ. ಗಾಳಿ ಬಂದಾಗಲೆಲ್ಲ ದೊಡ್ಡಮ್ಮನ ಕೈ ಕದದ ಕಡೆಗೆ ಹೋಗಿ ಹಾಗೇ ವಾಪಸು ಬರುತ್ತಿತ್ತಂತೆ. ಸಾಬರು ಲಡಿ ಸವರಿ, "ಏನ್ ರೂತಮ್ಮಾ, ಇದು ನಿಮ್ದಾ?" ಎಂದರಂತೆ. "ನಂದೇ ಸಾಬ್ರೇ" ಎಂದು ಈಕೆ. ಅವರು ಅದನ್ನು ಬೇರೆಯವರ ಲಡಿಗಳ ಜೊತೆ ಇಟ್ಟರಂತೆ. ಅದುವರೆಗೆ ದೊಡ್ಡಮ್ಮನದನ್ನು ಬೇರೆಯೇ ಇಡುತ್ತಿದ್ದರು.

ಕಿಟಕಿ ತೆರೆದರೆ ಎದೆ ತೆರೆಯುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಶೆಡ್ಡಿನವರೆಗೆ ನಡೆಯುವ ಶಕ್ತಿಯೂ ಹೋಯಿತು, ಕೆಲಸ ಬಿಟ್ಟಳು. ಡಾಕ್ಟರು ಈ ಸಲ ನನ್ನೊಬ್ಬಳನ್ನೇ ಕರೆದು, "ಹೋಗಿರೋದು ವಾಪಸ್ ಬರಲ್ಲಮ್ಮ. ಇರೋದನ್ನ ಕಾಪಾಡ್ಕೊಳ್ಳೋದು ಅಷ್ಟೆ" ಎಂದರು. ಪಾಸ್ಟರ್ ಅಯ್ಯನವರು ಮನೆಗೇ ಬಂದು ಪ್ರಾರ್ಥನೆ ಮಾಡಿದರು. ಆ ಲಡಿಯ ಉದಾಹರಣೆ ಆಮೇಲೆ ಪ್ರಸಂಗದಲ್ಲಿ ಬಂದಿಲ್ಲ.

ಖಾಲಿಯಾದ ಜಾಗಕ್ಕೆ ಸಾಬರು ಮುನಿರತ್ನಮ್ಮನನ್ನು ಕೂರಿಸಿದರು. ಕ್ರಿಸ್‌ಮಸ್‌ಗೆ ಮುಂಚೆ ಒಂದು ಶನಿವಾರ ನಾನು ಊರಿನಲ್ಲಿದ್ದಾಗ ಅವಳು ಸಂಜೆ ಬಂದಳು. ಮುಖದಲ್ಲಿ ಹಬ್ಬ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ನೂಲು ತೆಗೆದು ದೊಡ್ಡಮ್ಮನ ಕೈಗಿಟ್ಟಳು.

"ನೋಡಕ್ಕಾ. ನಿಂದೇ ಅಂದ್ಕೊಂಡ್ರು ಸಾಬ್ರು."

ದೊಡ್ಡಮ್ಮ ಕಣ್ಣು ಮುಚ್ಚಿ ನೂಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಾಯಿಸಿದಳು. ಇನ್ನೊಂದು ಸಲ ಹಾಯಿಸಿದಳು. ಎಲ್ಲೂ ಬೆರಳು ತಡೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಆಮೇಲೆ ಕಣ್ಣು ತೆಗೆದು ಕೇಳಿದಳು.

"ಕಿಟಕಿ?"

ಮುನಿರತ್ನಮ್ಮ ನನ್ನ ಮುಖ ನೋಡಿದಳು, ನೆಲ ನೋಡಿದಳು. "ನೀನೇ ಕಲಿಸಿದ್ದಲ್ಲಕ್ಕಾ" ಎಂದಳು.

ನೂಲು ದೊಡ್ಡಮ್ಮನ ಮಡಿಲಲ್ಲೇ ಉಳಿಯಿತು. ನಾನು ಬಾಯಿ ತೆರೆದೆ. ಆಕೆ ಕೈಯೆತ್ತಿ ಸುಮ್ಮನಿರಿಸಿದಳು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟರೆ ಆಕೆ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದಳು. ಕೈಚೀಲದಲ್ಲಿ ಸ್ಕ್ರೂಡ್ರೈವರು, ಒಂದು ಪುಟ್ಟ ಶೀಶೆ ಕೊಬ್ಬರಿ ಎಣ್ಣೆ. "ಬಾ, ಆಟೋ ಕರಿ" ಎಂದಳು. ಕೋರ್ಟಿಗೆ ಹೋಗುವುದನ್ನು ಬಿಟ್ಟು ಜೊತೆಗೆ ಹೋದೆ. ಶೆಡ್ಡಿನ ಬಾಗಿಲಿಂದ ಕಿಟಕಿಯವರೆಗಿನ ಸ್ವಲ್ಪವೇ ದೂರವನ್ನು ಆಕೆ ಗೋಡೆ ಹಿಡಿದು, ನಿಂತು ನಿಂತು ದಾಟಿದಳು. ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ಸಂದಿಯಲ್ಲಿ ಅದೇ ಸೀರೆಯ ತುಂಡು ಇತ್ತು. ಅದನ್ನು ತೆಗೆದು, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕದದ ಕೀಲಿನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಕೊಡು ದೊಡ್ಡಮ್ಮ, ನಾನ್ ಬಿಚ್ತೀನಿ."

"ನೀನು ತಲೆ ಕೆಡಿಸ್ತೀಯ ಸ್ಕ್ರೂದು."

ಒಂದು ಸ್ಕ್ರೂ ತುಕ್ಕು ಹಿಡಿದು ಅಲುಗಲಿಲ್ಲ. ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಮುಗಿಯುವ ಕೆಲಸ. ಆಕೆ ಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಕಾದು ಕೂತಳು. ಕಾಯುವಾಗ ಆಕೆಯ ಉಸಿರು ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು.

ಬಾಷಾ ಸಾಬರು ಬಂದು ನಿಂತರು. "ಏನ್ ಮಾಡ್ತಿದೀರಾ ರೂತಮ್ಮಾ?"

"ಕದ ತೆಗೀತಿದೀನಿ ಸಾಬ್ರೇ. ಮನೇಗೆ ಒಯ್ತೀನಿ. ಇಲ್ಲಿದ್ರೆ ಯಾರಾದ್ರೂ ಮತ್ತೆ ಹಾಕ್ತಾರೆ."

"ನೂಲು?"

"ಒರಟು ಬರತ್ತೆ."

ಅವರು ಗಡ್ಡ ಸವರಿಕೊಂಡರು. ಆಕೆಯ ಎದೆ ಏರಿಳಿಯುವುದನ್ನು ನೋಡಿ, ತಾವೇ ಕದದ ಒಂದು ಕೊನೆ ಹಿಡಿದು ಕೆಳಗಿಳಿಸಿದರು.

ಎರಡು ಕದಗಳೂ ಕಳಚಿ ಬಂದವು. ಚೌಕಟ್ಟು ಬರಿದಾಯಿತು. ಡಿಸೆಂಬರಿನ ಗಾಳಿ ಒಳಗೆ ನುಗ್ಗಿ ಆವಿಯನ್ನು ಹಿಂದಕ್ಕೆ ತಳ್ಳಿತು. ಮುನಿರತ್ನಮ್ಮ ಹೆದರಿ ಹೆದರಿ ರಾಟೆ ಶುರು ಮಾಡಿದಳು. ನೀರಿನಿಂದ ಎದ್ದ ಎಳೆಗಳು ಗಾಳಿಗೆ ನಡುಗಿ, ಬೇರೆಯಾಗಿ, ಮತ್ತೆ ಕೂಡಿ, ಒಂದು ಕಡೆ ಪುಟ್ಟ ಗಂಟು ಕಟ್ಟಿದವು. ಮುನಿರತ್ನಮ್ಮನ ಕೈ ನಿಂತಿತು. ಅವಳು ತಲೆಯೆತ್ತಿ ದೊಡ್ಡಮ್ಮನನ್ನು ನೋಡಿದಳು.

ದೊಡ್ಡಮ್ಮನಿಗೂ ಆ ಗಂಟು ಕಾಣಿಸಿತ್ತು. ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಸುತ್ತು" ಎಂದಳು. "ನಿಲ್ಲಿಸ್ಬೇಡ, ಸುತ್ತು."